ಆ ವಿಡಿಯೋದಲ್ಲಿ ಹಾಡಿದವಳು ನಾನೇ

ಡ್ಯುನೆಡಿನ್, ನ್ಯೂಜಿಲೆಂಡ್
೧೨ ಅಕ್ಟೋಬರ್ ೨೦೨೫, ಭಾನುವಾರ

ಪ್ರೀತಿಯ ಸುಗುಣ,

ನಾನು ಸೌಖ್ಯ. ನಿನ್ನ ಮೊಣಕಾಲು ನೋವು ಈಗ ಹೇಗಿದೆ? ಮಗಳ ಮನೆಗೆ ಬಂದು ಏಳು ತಿಂಗಳಾದರೂ ಒಂದು ಸಾಲು ಬರೆಯದ ನನ್ನನ್ನು ನೀನು ಚೆನ್ನಾಗಿ ಬೈದಿರುತ್ತೀಯ. ಇನ್ನೂ ಬೈಯುವುದು ಬಾಕಿ ಇದ್ದರೆ ಈಗಲೇ ಮುಗಿಸಿಬಿಡು. ಈ ಕಾಗದ ಓದಿದ ಮೇಲೆ ನಿನಗೆ ಬೇರೆ ಕೆಲಸವಿದೆ.

ಫೋನೇ ಮಾಡಬಹುದಿತ್ತಲ್ಲ ಎನ್ನುತ್ತೀಯ. ನಿನ್ನ ಮೊಬೈಲು ಯಾವಾಗ ನಿನ್ನ ಕೈಯಲ್ಲಿರುತ್ತದೆ ಹೇಳು? ಅದು ನಿನ್ನ ಸೊಸೆ ಅಕ್ಷಿತಾಳ ಹತ್ತಿರ. ನಾನು ಬೆಳಿಗ್ಗೆ ಹೇಳಿದ ಮಾತು ಊಟದ ಹೊತ್ತಿಗೆ ಶಿರೂರು ದಾಟಿರುತ್ತದೆ. ಈ ಸಂಗತಿ ಮೊದಲು ನಿನಗೊಬ್ಬಳಿಗೇ ತಿಳಿಯಬೇಕು. ಪೋಸ್ಟಾಫೀಸಿನ ಹುಡುಗಿ ಮೂರು ವಾರ ಬೇಕು ಎಂದಳು. ಮದುವೆಗೆ ಇನ್ನೂ ಎಂಟು ವಾರ ಇದೆ, ಸಾಕು.

ವಿಷಯ ಇಷ್ಟು. ತಲೆಗೆ ಉಣ್ಣೆಯ ಟೊಪ್ಪಿ ಹಾಕಿ, ನೀಲಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಡ್ರಮ್ಮು ಗಿಟಾರಿನವರ ನಡುವೆ ನಿಂತು ಒಬ್ಬ ಹೆಂಗಸು ಶೋಭಾನೆ ಹಾಡುವ ವಿಡಿಯೋ ನಿನ್ನ ಕಣ್ಣಿಗೂ ಬಿದ್ದಿರಬೇಕು. ಬೈಂದೂರಿನಿಂದ ಬ್ರಹ್ಮಾವರದ ತನಕ ಅದನ್ನು ನೋಡದವರು ಉಳಿದಿಲ್ಲವಂತೆ. ನನ್ನ ತಮ್ಮ ಸುಧಾಕರ ಕೊಲ್ಲೂರಿನ ಲಾಡ್ಜಿನ ಗಲ್ಲಾದಲ್ಲಿ ಕೂತು, ಅದು ಕಂಪ್ಯೂಟರಿನಲ್ಲಿ ಮಾಡಿದ ಸುಳ್ಳು ವಿಡಿಯೋ, ಎಐ, ಎಂದು ಬಂದವರಿಗೆಲ್ಲ ಹೇಳುತ್ತಿದ್ದಾನೆ. ಅವನ ಮಗ ನಿತೇಶನ ಮದುವೆ ಹತ್ತಿರ ಬಂತು, ಹೆಣ್ಣಿನ ಕಡೆಯವರು ಏನಂದುಕೊಂಡಾರೋ ಎಂಬ ಹೆದರಿಕೆ ಅವನಿಗೆ. ಸುಗುಣ, ಅದು ಎಐ ಅಲ್ಲ. ಅದು ನಾನು.

ಮೊದಲಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ಮುದುಕಿಗೆ ತಲೆ ಕೆಟ್ಟಿತು ಎಂದುಕೊಳ್ಳುತ್ತೀಯ.

ಚೇತನಾ ಇಲ್ಲಿ ಆಸ್ಪತ್ರೆಯಲ್ಲಿ ನರ್ಸು ಎಂಬುದು ನಿನಗೆ ಗೊತ್ತೇ ಇದೆ. ಅವಳ ಮದುವೆಯ ವಿಷಯ ಕೇಳಬೇಡ, ನಾನೂ ಕೇಳುವುದು ಬಿಟ್ಟಿದ್ದೇನೆ. ತಿಂಗಳಲ್ಲಿ ಅರ್ಧದಷ್ಟು ದಿನ ಅವಳಿಗೆ ರಾತ್ರಿಪಾಳಿ, ಹಗಲು ನಿದ್ದೆ. ಪಕ್ಕದ ಮನೆಯ ಗ್ಯಾರೇಜಿನಲ್ಲಿ ಕಾರಿಲ್ಲ, ಒಂದು ರಾಕ್ ಬ್ಯಾಂಡಿದೆ. ನಾನು ಬಂದ ಮೊದಲ ವಾರ, ಮಧ್ಯಾಹ್ನ ಹನ್ನೆರಡಕ್ಕೆ ಅದು ಶುರುವಾಯಿತು. ಗೋಡೆ ಒಡೆಯುತ್ತಿದ್ದಾರೆ ಎಂದುಕೊಂಡೆ. ಒಳಗೆ ಚೇತನಾ ತಲೆಯ ಮೇಲೆ ದಿಂಬು ಒತ್ತಿಕೊಂಡು ಹೊರಳಾಡುತ್ತಿದ್ದಾಳೆ. ನನಗೆ ಸಿಟ್ಟು ನೆತ್ತಿಗೇರಿತು. ಹಿತ್ತಲಿಗೆ ಹೋಗಿ, ಬಾಲ್ದಿ ಕವುಚಿ ಹಾಕಿ ಅದರ ಮೇಲೆ ಹತ್ತಿ, ಬೇಲಿಯ ಮೇಲಿನಿಂದ ಒಂದು ಕೂಗು ಹಾಕಿದೆ.

"ಹ್ವಾಯ್! ಇಲ್ಲೊಬ್ಳ್ ಮನಿಕಂಡಿದ್ಳ್, ಸ್ವಲ್ಪ ನಿಲ್ಸಿ ಕಾಂಬ!"

ಭಾಷೆ ತಿಳಿಯದಿದ್ದರೇನು, ನಿಂತಿತು. ಮೂರು ಜನ ಹೊರಗೆ ಬಂದರು. ಮುಂದೆ ಇದ್ದವಳ ಹೆಸರು ಟೆಸ್, ಹಾಡುವವಳೂ ಅವಳೇ, ಗಿಟಾರೂ ಅವಳದೇ. ತಲೆ ನುಣ್ಣಗೆ ಬೋಳಿಸಿದ್ದಾಳೆ. ತಿರುಪತಿಗೆ ಹರಕೆ ಇತ್ತೇನೋ ಎಂದು ಒಂದು ಗಳಿಗೆ ನಿಜವಾಗಿಯೂ ಅನ್ನಿಸಿತು. ಅವಳು ಜಗಳಕ್ಕೆ ಬಂದಿರಲಿಲ್ಲ. "ನಮ್ಮ ಮೈಕು, ಸ್ಪೀಕರು, ಡ್ರಮ್ಮು ಎಲ್ಲದರ ಮೇಲೆ ನಿಮ್ಮ ಧ್ವನಿ ಕೇಳಿತು, ಅದು ಹೇಗೆ?" ಎಂದು ಕೇಳಿದಳು. ನನಗೆ ಬರುವ ಇಂಗ್ಲಿಷಿನಲ್ಲಿ ನಾನು ಹೇಳಿದ್ದು, "ಗದ್ದೆ ದೊಡ್ಡದು, ಗಂಡ ದೂರ." ಅವರು ನಗಾಡಿದ ರೀತಿ ನೋಡಬೇಕಿತ್ತು ನೀನು. ಇನ್ನೊಂದು ಸಲ ಕೂಗಿ ಎಂದರು. ಕೂಗಿದೆ. ಒಳಗಿಂದ ಚೇತನಾ, "ಅಬ್ಬಿ, ಈಗ್ ನೀನೇ ನಂಗೆ ಮನ್ಕಂಬುಕ್ ಬಿಡ್ತಿಲ್ಲೆ!" ಎಂದು ಚೀರಿದಳು.

ಮರುದಿನದಿಂದ ಅವರ ಅಭ್ಯಾಸ ಸಂಜೆ ನಾಲ್ಕಕ್ಕೆ ಬದಲಾಯಿತು. ಚೇತನಾ ಎದ್ದು ಚಾ ಕುಡಿಯುವ ಹೊತ್ತು. ಮರ್ಯಾದೆ ಗೊತ್ತಿರುವ ಜನ ಎಂದು ನನಗೆ ಆವತ್ತೇ ಅನ್ನಿಸಿತು. ಊರಿನಲ್ಲಿ ಮೈಕಿನವನಿಗೆ ಸೌಂಡು ಕಡಿಮೆ ಮಾಡು ಎಂದು ಹೇಳಿ ನೋಡು, ಹೆಚ್ಚು ಮಾಡಿ ತೋರಿಸುತ್ತಾನೆ.

ಈ ಊರಿನ ಮರ್ಜಿಯೇ ಬೇರೆ. ನಮ್ಮಲ್ಲಿ ಮನೆಗೊಬ್ಬ ಹೋಟೆಲಿನವನು ಇರುವ ಹಾಗೆ ಇಲ್ಲಿ ಮನೆಗೊಬ್ಬ ಬ್ಯಾಂಡಿನವನು. ಡ್ರಮ್ ಬಾರಿಸುವ ವಿರೆಮು ಮೀನಿನ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾನೆ, ಬಂದಾಗ ಮೀನಿನ ವಾಸನೆಯೂ ಬರುತ್ತದೆ, ನನಗೆ ಅದೇ ಒಂದು ಸಮಾಧಾನ. ಇನ್ನೊಬ್ಬ ಉದ್ದನೆಯವನು ಮಾತೇ ಆಡುವುದಿಲ್ಲ, ದಪ್ಪ ತಂತಿಯ ಗಿಟಾರು ಹಿಡಿದು ಗೋಡೆ ನೋಡುತ್ತಾ ನಿಲ್ಲುತ್ತಾನೆ. ಹಾಡುವುದು ಗ್ಯಾರೇಜಿನಲ್ಲಿ, ಹಳೆಯ ಕ್ಲಬ್ಬಿನಲ್ಲಿ, ಬಂದರಿನ ಹತ್ತಿರದ ಸಭಾಭವನದಲ್ಲಿ. ಭಾನುವಾರ ಮಧ್ಯಾಹ್ನವೇ ಶುರು. ಈವತ್ತು ವೇದಿಕೆಯ ಮೇಲೆ ಇದ್ದವರು ಮುಂದಿನ ವಾರ ಕೆಳಗೆ ನಿಂತು ಇನ್ನೊಬ್ಬರಿಗೆ ಕುಣಿಯುತ್ತಾರೆ. ಸಣ್ಣ ಮಕ್ಕಳ ಕಿವಿಗೆ ದೊಡ್ಡ ಬಟ್ಟಲಿನಂಥದ್ದನ್ನು ಮುಚ್ಚಿ ಕರೆತರುತ್ತಾರೆ. ಎಂಬತ್ತು ವರ್ಷದ ಮುದುಕಿಯರೂ ಬರುತ್ತಾರೆ, ಕೈಯಲ್ಲಿ ಬಿಯರು ಹಿಡಿದು ತಲೆ ಆಡಿಸುತ್ತಾರೆ. ಯಾರೂ ಯಾರನ್ನೂ ಇವಳ್ಯಾಕೆ ಇಲ್ಲಿ ಬಂದಳು ಎಂಬಂತೆ ನೋಡುವುದಿಲ್ಲ. ಅದು ನನಗೆ ಬಹಳ ಹಿಡಿಸಿತು. ಹಾಡುಗಳು ಮೊದಮೊದಲು ಹಿಡಿಸಲಿಲ್ಲ, ಸುಳ್ಳು ಯಾಕೆ ಹೇಳಲಿ. ಮೂರನೇ ಸಲಕ್ಕೆ ಎದೆಯೊಳಗೆ ಡ್ರಮ್ಮು ಗುದ್ದುವುದು ಅಭ್ಯಾಸವಾಯಿತು, ನಾಲ್ಕನೇ ಸಲಕ್ಕೆ ಅದೇ ಬೇಕು ಅನ್ನಿಸಿತು.

ಮೊದಲ ಸಲ ಅವರು ಆಟಕ್ಕೆ ಕರೆದಾಗ ನಾನು ಮಾಡಿದ ಫಜೀತಿ ಕೇಳು. ಹೌದು, ನಮ್ಮ ಯಕ್ಷಗಾನದ ಹಾಗೆ ಇದನ್ನೂ ನಾನು ಆಟ ಎಂದೇ ಹೇಳುವುದು. ನಮ್ಮಲ್ಲಿ ಮೇಳ ಬಂದರೆ ಹರಕೆ ಹೊತ್ತ ಮನೆಯವರು ಮೇಳದವರಿಗೆಲ್ಲ ಊಟ ಹಾಕದೆ ಇರುವುದುಂಟೇ? ಇವರಿಗೆ ಯಾರೂ ಊಟ ಹಾಕುವುದು ಕಾಣಲಿಲ್ಲ. ಹಸಿದ ಹೊಟ್ಟೆಯಲ್ಲಿ ಹೇಗೆ ಕುಣಿದಾರು ಎಂದು ಬೆಳಿಗ್ಗೆ ಎದ್ದು ನೀರ್ದೋಸೆ ಹೊಯ್ದು, ಕೋಳಿಸಾರು ಮಾಡಿ, ಎರಡು ದೊಡ್ಡ ಪಾತ್ರೆ ಹೊರಿಸಿಕೊಂಡು ಚೇತನಾಳನ್ನು ಎಳೆದುಕೊಂಡು ಹೋದೆ. ವೇದಿಕೆಯ ಹಿಂದಿನ ಕೋಣೆ ನಮ್ಮ ಚೌಕಿಯೇ ಅಲ್ಲವೇ, ವೇಷ ಕಟ್ಟುವ ಜಾಗ, ಗಣಪತಿ ಇರುತ್ತಾನೆ ಎಂದು ಬಾಗಿಲಿನಲ್ಲೇ ಬೂಟ್ಸು ಕಳಚಿ ಒಳಗೆ ಹೋದೆ. ಹೊರಗೆ ಆಲಿಕಲ್ಲು ಬೀಳುತ್ತಿತ್ತು, ಒಳಗೆ ನೆಲ ಮಂಜುಗಡ್ಡೆ. ಟೆಸ್ ಓಡಿ ಬಂದು ಏನಾಯಿತು ಎಂದು ಕೇಳಿದಳು. ದೇವರ ಕೋಣೆ ಎಂದೆ. ಅವಳು ಸುತ್ತ ನೋಡಿದಳು. ಖಾಲಿ ಬಾಟಲಿ, ತಂತಿಯ ಸುರುಳಿ, ಯಾರದೋ ಬನಿಯನ್ನು. ಆದರೂ ತನ್ನ ಬೂಟ್ಸೂ ಬಿಚ್ಚಿದಳು. ನನ್ನ ಕೋಳಿಸಾರಿನ ಖಾರಕ್ಕೆ ಆ ಮಾತಾಡದವನು ಮೊದಲ ಬಾರಿ ಬಾಯಿಬಿಟ್ಟು "ನೀರು" ಎಂದ.

ಇನ್ನು ಹಾಡಿನ ವಿಷಯ. ನಮ್ಮನೆಯವರು ಹೋದ ಮೇಲೆ ನಾನು ಹಾಡುವುದನ್ನು ಬಿಟ್ಟದ್ದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಯಡ್ತರೆ ಸುತ್ತಮುತ್ತ ಮೂವತ್ತು ವರ್ಷ ಯಾವ ಮದುವೆಮನೆಯಾದರೂ ಹಾಡು ಎತ್ತುವವಳು ನಾನು, ಎರಡನೇ ಸಾಲು ತೆಗೆದುಕೊಳ್ಳುವವಳು ನೀನು. ಆಮೇಲೆ ನಾನು ಹಿಂದಿನ ಕುರ್ಚಿ. ಒಂದು ದಿನ ಅವರ ಗ್ಯಾರೇಜಿನಲ್ಲಿ ಪಾತ್ರೆ ತೊಳೆದು ಒರೆಸುತ್ತಾ ಸುಮ್ಮನೆ ಗುನುಗುತ್ತಿದ್ದೆ, ಮದುಮಗಳಿಗೆ ಎಣ್ಣೆ ಹಚ್ಚುವಾಗಿನ ಹಾಡು. ಡ್ರಮ್ಮಿನ ವಿರೆಮು ಕೈ ನಿಲ್ಲಿಸಿದ. ಜೋರಾಗಿ ಹಾಡಿ ಎಂದ. ಆಗುವುದಿಲ್ಲ ಎಂದೆ. ಯಾಕೆ ಎಂದು ಕೇಳಿದ. ಗಂಡ ಇಲ್ಲ, ಅದಕ್ಕೆ ಹಾಡೂ ಇಲ್ಲ ಎಂದೆ. ಅವನಿಗೆ ಅರ್ಥವಾಗಲಿಲ್ಲ, ಚೇತನಾ ಬಂದು ಬಿಡಿಸಿ ಹೇಳಿದಳು.

ಅವನು ಈ ನೆಲದ ಮೂಲದ ಮಾವೊರಿ ಜನ. ಕೋಲುಗಳನ್ನು ಡ್ರಮ್ಮಿನ ಮೇಲೆ ಇಟ್ಟು ಹೇಳಿದ: "ನಮ್ಮಲ್ಲಿ ಕೂಟ ಸೇರುವಾಗ ಹಿರಿಯ ಹೆಂಗಸು ನಿಂತು ಕರೆಯಬೇಕು, ಹಾಡಿನ ಹಾಗೆ ಒಂದು ಕರೆ. ಅವಳ ದನಿ ಏಳುವ ತನಕ ಬಂದವರು ಅಂಗಳಕ್ಕೆ ಕಾಲಿಡುವುದಿಲ್ಲ. ನಮ್ಮೂರಲ್ಲಿ ಕರೆಯುತ್ತಿದ್ದವಳು ನನ್ನ ಅಜ್ಜಿ. ಅವಳಿಗೆ ಇಬ್ಬರು ಗಂಡಂದಿರು ಸತ್ತಿದ್ದರು." ಇಷ್ಟೇ ಹೇಳಿ ಅವನು ಮತ್ತೆ ಡ್ರಮ್ಮು ಬಾರಿಸತೊಡಗಿದ. ನಾನು ಒರೆಸಿದ ಪಾತ್ರೆಯನ್ನೇ ಮತ್ತೆ ಒರೆಸುತ್ತಾ ನಿಂತೆ. ನನಗೆ ಅಳು ಬರಲಿಲ್ಲ ಸುಗುಣ. ಇಷ್ಟು ವರ್ಷ ಯಾರಿಗೆ ಹೆದರಿ ಬಾಯಿ ಮುಚ್ಚಿ ಕೂತೆ ಎಂದು ನನ್ನ ಮೇಲೆಯೇ ಸಿಟ್ಟು ಬಂತು.

ಸೆಪ್ಟೆಂಬರ್ ಹದಿನಾಲ್ಕು, ಭಾನುವಾರ ಮಧ್ಯಾಹ್ನ ಮೂರಕ್ಕೆ, ಬಂದರಿನ ಸಭಾಭವನ. ಎಂಬತ್ತು ಜನ ಇದ್ದಿರಬಹುದು. ಮೊದಲು ಡ್ರಮ್ಮು ಮಾತ್ರ, ಆಮೇಲೆ ನಾನು, ಮೂರನೇ ಸಾಲಿಗೆ ಗಿಟಾರು, ಹೀಗೆ ಮಾತಾಗಿತ್ತು. ನಾನು ಮೊದಲ ಸಾಲು ಹಾಡಿ, ನಿನಗೆ ಕಾಯುವ ಅಭ್ಯಾಸಬಲದಿಂದ ನಿಲ್ಲಿಸಿಬಿಟ್ಟೆ. ಎದುರಿನವರಿಗೆ ನಮ್ಮ ರೀತಿ ಏನು ಗೊತ್ತು? ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ವಿರೆಮು ಎರಡು ಪೆಟ್ಟು ಕೊಟ್ಟು ಕೋಲನ್ನು ಜನರ ಕಡೆ ತೋರಿಸಿದ, ಅಷ್ಟೇ. ಆ ಎಂಬತ್ತು ಜನ ನನ್ನ ಸಾಲನ್ನು ಎತ್ತಿಕೊಂಡರು! ಒಂದಕ್ಷರ ಸರಿ ಇಲ್ಲ. ಎಣ್ಣೆಯೂ ಇಲ್ಲ, ಅರಿಶಿನವೂ ಇಲ್ಲ, ಬಾಯಿಗೆ ಬಂದದ್ದು ಅರಚಿದರು. ಆದರೆ ರಾಗ ತಪ್ಪಲಿಲ್ಲ. ಆಮೇಲೆ ನನ್ನನ್ನು ಹಿಡಿಯುವವರು ಯಾರು? ಮೂರನೇ ಸಾಲಿನಲ್ಲಿ ಸ್ವರ ಒಡೆಯಿತು, ಅದನ್ನೂ ಲೆಕ್ಕಿಸದೆ ಹಾಡಿದೆ. ಗಿಟಾರು ಬಂದಾಗ ಅಂಗಾಲಿನ ಕೆಳಗೆ ಹಲಗೆ ನಡುಗುತ್ತಿತ್ತು. ಮುಗಿದ ಮೇಲೆ ಟೆಸ್ ನನ್ನನ್ನು ಎತ್ತಿಯೇ ಬಿಟ್ಟಳು, ನನ್ನ ಎಪ್ಪತ್ತು ಕಿಲೋ ಸಮೇತ. ಇಷ್ಟು ಸಂತೋಷ ಚೇತನಾ ಹುಟ್ಟಿದ ದಿನ ಆಗಿತ್ತು, ಆಮೇಲೆ ಇದೇ.

ಚೇತನಾ ಅದನ್ನು ಸ್ಟೇಟಸ್ಸಿಗೆ ಹಾಕಿದಳು. ದುಬೈಯಲ್ಲಿರುವ ನಮ್ಮ ಕಡೆಯ ಯಾವನೋ ಒಬ್ಬ ಎತ್ತಿ, "ಬೈಂದೂರು ಅಜ್ಜಿಯ ರಾಕ್" ಎಂದು ಬರೆದು ಬಿಟ್ಟ. ಐವತ್ತೆಂಟು ವರ್ಷಕ್ಕೆ ನಾನು ಅಜ್ಜಿಯೇ? ಸಿಕ್ಕಿದರೆ ಅವನಿಗೆ ಇದೆ.

ಮಂಗಳವಾರ

ಮೇಲಿನಷ್ಟು ಬರೆಯುವಷ್ಟರಲ್ಲಿ ಚೇತನಾ ಊಟಕ್ಕೆ ಕರೆದಳು, ಆಮೇಲೆ ಎರಡು ದಿನ ಕೂರಲಾಗಲಿಲ್ಲ. ಈಗ ಮುಂದುವರಿಸುತ್ತೇನೆ.

ವಿಡಿಯೋ ಬ್ರಹ್ಮಾವರಕ್ಕೆ ಹೋಯಿತು. ನಿತೇಶನ ಹುಡುಗಿ ನಿಶ್ಮಿತಾಳ ಮನೆ ಅಲ್ಲಿ. ಹುಡುಗಿಯ ಸೋದರತ್ತೆ ಸುಧಾಕರನಿಗೆ ಫೋನು ಮಾಡಿ, "ಮದುಮಗನ ಸೋದರತ್ತೆ ಕುಡಿಯುವವರ ನಡುವೆ ಶೋಭಾನೆ ಹಾಡುವುದೆಂದರೇನು, ಅದೂ ಗಂಡ ಇಲ್ಲದವಳು, ಮದುವೆಯ ಹೊಸ್ತಿಲಲ್ಲಿ ಇದು ಅಪಶಕುನವಲ್ಲವೇ?" ಎಂದರಂತೆ. ಇವನು ಬೆವರಿ ಎಐ ಎಂದುಬಿಟ್ಟ. ಆಮೇಲೆ ನನಗೆ ಫೋನು.

"ಅಕ್ಕಾ, ಮದಿಗ್ ನೀ ಬರ್ಕೇ ಬರ್ಕ್. ಟಿಕೇಟ್ ನಾನೇ ಮಾಡ್ತೆ. ಆರೆ ಹಾಡೂಕೆ ಮಾತ್ರ ಹೊರ್ಡ್‌ಬೇಡ. ಮತ್ತೆ, ಚೇತನಾ ಹತ್ರ ಒಂದ್ ಮಾತ್ ಹಾಕುಕ್ ಹೇಳ್, ಅದ್ ಅಮ್ಮ ಅಲ್ಲ, ಕಂಪ್ಯೂಟರ್ ಮಾಡದ್ದ್ ಅಂದ್ಹೇಳಿ. ಅಷ್ಟ್ ಮಾಡ್ರೆ ಸಾಕ್."

ನಾನು ಕೇಳಿದೆ: "ಕಂಪ್ಯೂಟರಿಗೆ ಮೂರನೇ ಸಾಲಗೆ ಗಂಟ್ಲ್ ಒಡಿತ್ತಾ ಸುಧಾಕರ?"

"ಅದೆಲ್ಲ ನಂಗ್ ಗೊತ್ತಿಲ್ಲೆ. ನೀ ಹಟ ಮಾಡ್‌ಬೇಡ. ಹೆಣ್ಣಿನ್ ಮನಿಯರಿಗೆ ನಾ ಎಂತ ಮುಖ ತೋರ್ಸುದ್?"

ಮುಖ ತೋರಿಸುವ ಚಿಂತೆ ಅವನಿಗೆ. ನನ್ನ ಮುಖವನ್ನೇ ನನ್ನದಲ್ಲ ಎನ್ನಬೇಕಂತೆ ನಾನು. ಹತ್ತು ವರ್ಷದ ಹಿಂದೆ ಕರಿಮಣಿ ತೆಗೆದರು, ಸುಮ್ಮನಿದ್ದೆ. ಮುಂದಿನ ಸಾಲಿನಿಂದ ಎಬ್ಬಿಸಿದರು, ಎದ್ದೆ. ಈಗ ಗಂಟಲೂ ನನ್ನದಲ್ಲ, ಯಂತ್ರದ್ದು ಎಂದು ಬರೆದುಕೊಡಬೇಕೇ? ಆಗುವುದಿಲ್ಲ. ಅಪಶಕುನದ ಮಾತು ನನ್ನ ಹತ್ತಿರ ಬೇಡ. ಮೂವತ್ತು ವರ್ಷದಲ್ಲಿ ನಾವು ಹಾಡಿ ಕಳುಹಿಸಿದ ಮದುಮಕ್ಕಳಲ್ಲಿ ಇಬ್ಬರು ಮೂರೇ ತಿಂಗಳಿಗೆ ತವರಿಗೆ ಹಿಂದೆ ಬಂದರಲ್ಲ, ಆಗ ನನ್ನ ಕರಿಮಣಿ ಕುತ್ತಿಗೆಯಲ್ಲೇ ಇತ್ತು. ಹಾಡಿನ ದೋಷ ಎಂದು ಆಗ ಯಾರೂ ಹೇಳಲಿಲ್ಲ. ನಮ್ಮನೆಯವರು ಮುಂಬೈಯ ಹೋಟೆಲು ಬಿಟ್ಟು ಊರಿಗೆ ಬಂದ ಮೇಲೆ ಪ್ರತಿ ಮದುವೆಯಲ್ಲೂ ಚಪ್ಪರದ ಹಿಂದೆ ನಿಂತು, ಎಲೆಯಡಿಕೆ ಜಗಿಯುವ ನೆವದಲ್ಲಿ ನನ್ನ ಹಾಡು ಮುಗಿಯುವ ತನಕ ಕೇಳುತ್ತಿದ್ದರು. ಅವರು ಸತ್ತರು ಎಂದು ನನ್ನ ಹಾಡು ಕೆಟ್ಟದ್ದಾಗುತ್ತದೆ ಎಂದರೆ ಅವರಿಗೇ ಒಪ್ಪಿಗೆಯಾಗುತ್ತಿರಲಿಲ್ಲ.

ಮೂರು ದಿನದ ಹಿಂದೆ ಹುಡುಗಿ ನಿಶ್ಮಿತಾಳೇ ಮೊಬೈಲಿಗೆ ಒಂದು ಸಾಲು ಕಳುಹಿಸಿದಳು: "ಅತ್ತೆ, ಅದು ನೀವೇ ಅಲ್ವಾ?" ನಾನು "ಹೌದು, ನಾನೇ" ಎಂದು ಬರೆದೆ. ಎರಡು ನೀಲಿ ಗೆರೆ ಬಿದ್ದಿವೆ, ಉತ್ತರ ಬಂದಿಲ್ಲ. ಖುಷಿಯಾಗಿ ಕೇಳಿದಳೋ, ಹೆದರಿ ಕೇಳಿದಳೋ ನನಗೆ ತಿಳಿಯದು. ಎರಡಕ್ಕೂ ಉತ್ತರ ಒಂದೇ ತಾನೇ?

ಸುಧಾಕರನಿಗೆ ನಾನು ಹೇಳಿದ್ದು ಇಷ್ಟು. ಬರುತ್ತೇನೆ. ಟಿಕೇಟು ನಿನ್ನದು ಬೇಡ, ಮಗಳು ಮಾಡುತ್ತಾಳೆ. ಮದುಮಗನಿಗೆ ಎಣ್ಣೆ ಹಚ್ಚುವಾಗ ಮುಂದೆ ನಿಂತು ನಾನೇ ಹಾಡು ಎತ್ತುತ್ತೇನೆ. ಬೇಡವಾದರೆ ಈಗಲೇ ಬಾಯಿಬಿಟ್ಟು ಬೇಡ ಎನ್ನು, ನಾನು ಬರುವುದಿಲ್ಲ. ಎರಡರಲ್ಲಿ ಯಾವುದಾದರೂ ಸರಿ, ಅದು ನಾನಲ್ಲ ಎಂದು ಮಾತ್ರ ನನ್ನ ಬಾಯಿಂದ ಬರದು. ಅವನು ಫೋನು ಇಟ್ಟುಬಿಟ್ಟ. ಬೇಡ ಎಂದು ಹೇಳಲಿಲ್ಲ, ನೆನಪಿಟ್ಟುಕೋ. ಹಾಗಾಗಿ ನಾನು ಬರುತ್ತಿದ್ದೇನೆ. ಡಿಸೆಂಬರ್ ಎರಡಕ್ಕೆ ಬೈಂದೂರಿನಲ್ಲಿ ಇಳಿಯುತ್ತೇನೆ.

ನಿನ್ನ ಕೆಲಸ ಇದು. ಈ ಕಾಗದ ಸಿಕ್ಕಿದ ದಿನವೇ ಅಕ್ಷಿತಾಳನ್ನು ಕರೆದು ಹೇಳು, ವಿಡಿಯೋದಲ್ಲಿ ಇರುವವಳು ಪ್ರಭಾವತಿಯೇ ಎಂದು. ಮುಂದಿನದು ಅವಳೇ ನೋಡಿಕೊಳ್ಳುತ್ತಾಳೆ. ಅವಳ ಮೇಲೆ ನನಗೆ ಅಷ್ಟು ನಂಬಿಕೆ ಇದೆ.

ಟೆಸ್, ವಿರೆಮು ನಿನಗೆ ನಮಸ್ಕಾರ ಹೇಳಿದ್ದಾರೆ. ನನ್ನ ಜೊತೆ ಮೂವತ್ತು ವರ್ಷ ಹಾಡಿದವಳು ಎಂದು ಅವರಿಗೆ ನಿನ್ನ ಫೋಟೋ ತೋರಿಸಿದ್ದೇನೆ. ಮೊಣಕಾಲಿಗೆ ಎಣ್ಣೆ ಹಚ್ಚುವುದು ಬಿಡಬೇಡ. ಮನೆಯ ಮಕ್ಕಳಿಗೆಲ್ಲ ನನ್ನ ಆಶೀರ್ವಾದ. ಕೊಲ್ಲೂರಮ್ಮ ನಿನ್ನನ್ನು ಚೆನ್ನಾಗಿಟ್ಟಿರಲಿ.

ಎಂದಿನ ನಿನ್ನ,
ಪ್ರಭಾವತಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ಇದನ್ನು ಬರೆಯದಿದ್ದರೆ ಮೇಲೆ ಬರೆದದ್ದೆಲ್ಲ ಬರೀ ಹಾರಾಟವಾಗುತ್ತದೆ.

ನಿನ್ನ ಮಗಳು ಕುಸುಮಳ ಮದುವೆ. ನಮ್ಮನೆಯವರು ಹೋಗಿ ಹನ್ನೊಂದು ತಿಂಗಳು. ನನಗೆ ಹಾಡಬೇಡ ಎಂದು ಆ ತನಕ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ನಾನೇ ಹಿಂದೆ ಕಂಬದ ಹತ್ತಿರ ಕೂತಿದ್ದೆ. ಅಕ್ಕು ಅತ್ತೆ ಹಾಡು ಎತ್ತಿದರು, ಶ್ರುತಿ ಮೇಲೆ ಹೋಗಿ ನಡುವೆ ನಿಂತಿತು. ಹಸೆಯ ಮೇಲೆ ಕುಸುಮ ತಲೆ ತಗ್ಗಿಸಿ ಕೂತಿದ್ದಳು, ನಾನು ಎತ್ತಿ ಆಡಿಸಿದ ಮಗು. ತಡೆಯಲಾಗಲಿಲ್ಲ ನನಗೆ. ಕೂತಲ್ಲಿಂದಲೇ ಮೊದಲ ಸಾಲು ಹೇಳಿದೆ. ಎರಡನೆಯದು ನಿನ್ನದು. ನೀನು ತಿರುಗಿ ನನ್ನನ್ನು ನೋಡಿದೆ. ಆಮೇಲೆ ಆರತಿ ತಟ್ಟೆಯ ಬತ್ತಿ ಸರಿಮಾಡತೊಡಗಿದೆ. ಬತ್ತಿ ಸರಿಯಾಗಿಯೇ ಇತ್ತು ಸುಗುಣ. ನೀನು ಎತ್ತಿಕೊಳ್ಳದ ಮೇಲೆ ಉಳಿದವರು ಯಾರು ಎತ್ತಿಕೊಂಡಾರು?

ಗಂಟಲು ಕೆಟ್ಟಿದೆ ಎಂದು ಮರುದಿನದಿಂದ ಊರಿಗೆಲ್ಲ ಹೇಳಿದವಳು ನಾನು. ನಿನ್ನ ಹೆಸರು ಯಾರ ಬಾಯಿಗೂ ಬರಬಾರದು ಎಂದು. ಸುಧಾಕರನ ಸುಳ್ಳಿಗೆ ಇಷ್ಟು ಹಾರಾಡುವ ನಾನು ಅದಕ್ಕಿಂತ ದೊಡ್ಡ ಸುಳ್ಳನ್ನು ಒಂಬತ್ತು ವರ್ಷ ಹೇಳಿದ್ದೇನೆ. ಇನ್ನು ಹೇಳುವುದಿಲ್ಲ.

ನಿತೇಶನ ಮದುವೆಯಲ್ಲಿ ಮೊದಲ ಸಾಲು ಹಾಡಿ ಒಂದು ಉಸಿರಿನಷ್ಟು ಹೊತ್ತು ನಿಲ್ಲಿಸುತ್ತೇನೆ. ನೀನು ಎತ್ತಿಕೊಂಡರೆ ಎತ್ತಿಕೋ. ಇಲ್ಲದಿದ್ದರೆ ಎರಡನೇ ಸಾಲನ್ನೂ ನಾನೇ ಹಾಡುತ್ತೇನೆ.